ಹೋಗುವ ಕಲ್ಲು, ಬರುವ ಕಲ್ಲು

ಭೈರಮ್ಮನವರನ್ನು ಮೊದಲ ಸಲ ಕಂಡಾಗ ಅವರೊಬ್ಬ ದೊಡ್ಡ ಕಾರ್ಮಿಕ ನಾಯಕಿ ಎಂದು ನಾನು ತಿಳಿದಿದ್ದೆ.

ಆಗ ನಾನು ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ಮನೆಯವರ ನಂಬಿಕೆ. ನಿಜವಾಗಿ ಓದಿದ್ದು ಹಾಸ್ಟೆಲಿನಲ್ಲಿ ಯಾರೋ ಕೈಗಿತ್ತ ಒಂದು ತೆಳ್ಳನೆಯ ಕರಪತ್ರವನ್ನು ಮಾತ್ರ. ಅದನ್ನು ಓದಿದ ಮೇಲೆ, ದೇಶದ ದುಡಿಯುವ ಜನರೆಲ್ಲ ಎದ್ದು ನಿಲ್ಲಲು ಸಿದ್ಧರಾಗಿದ್ದಾರೆ, ನಾನೊಬ್ಬ ಊಟ ಮುಗಿಸಿ ಬರಲಿ ಎಂದು ಕಾಯುತ್ತಿದ್ದಾರೆ ಎನ್ನಿಸತೊಡಗಿತ್ತು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ, ಚಿಕ್ಕನಾಯಕನಹಳ್ಳಿಯಿಂದ ಕಿಬ್ಬನಹಳ್ಳಿ ಕ್ರಾಸಿನ ಕಡೆಗೆ ಹೊರಟಿದ್ದ ನಮ್ಮ ಬಸ್ಸು ಸುಣ್ಣಕಲ್ಲಿನ ಗಣಿಯ ಹತ್ತಿರ ಗಕ್ಕನೆ ನಿಂತಿತು. ರಸ್ತೆಯ ನಟ್ಟನಡುವೆ, ಸೀರೆಯ ಮೇಲೆ ಗಂಡಸಿನ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬರು ಕೆಂಪು ಬಾವುಟ ಎತ್ತಿ ಹಿಡಿದು ನಿಂತಿದ್ದರು. ಅವರ ಆಚೆಗೆ ಲಾರಿಗಳು, ಎತ್ತಿನ ಗಾಡಿ, ಕಾಯಿ ತುಂಬಿದ ಟ್ರ್ಯಾಕ್ಟರು ಎಲ್ಲ ತೆಪ್ಪಗೆ ನಿಂತಿದ್ದವು. ಹೆಂಗಸಿನ ಮುಖದಲ್ಲಿ ಅಂಜಿಕೆ ಎಂಬುದೇ ಇರಲಿಲ್ಲ. ನನಗೆ ಮೈ ಜುಮ್ಮೆಂದಿತು. ಕರಪತ್ರದಲ್ಲಿ ಹೇಳಿದ್ದು ಇಷ್ಟು ಬೇಗ, ಅದೂ ನಮ್ಮ ತಾಲ್ಲೂಕಿನಲ್ಲೇ ಶುರುವಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಬಸ್ಸಿನಿಂದ ಧುಮುಕಿದೆ. ಮುಷ್ಟಿ ಎತ್ತಿ "ಇಂಕ್ವಿಲಾಬ್ ಜಿಂದಾಬಾದ್" ಎಂದು ಕೂಗಿದೆ.

ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏಯ್ ಕೂಸೇ, ಅದೇನ್ ಅರಚ್ಕೊಂತೀಯೋ ಬಸ್ಸೊಳಗೆ ಕುಂತ್ಕೊಂಡು ಅರಚ್ಕೊ. ಕಲ್ಲು ಹಾರ್ ಬಂದು ಮಂಡೆ ಬಿಚ್ಚಾತು!"

ಅವರ ಮಾತು ಮುಗಿಯುವ ಮೊದಲೇ ಗಣಿಯೊಳಗೆ ನೆಲ ಬಿರಿದ ಹಾಗೆ ಸದ್ದಾಯಿತು. ನಾನು ಕಣ್ಣು ಬಿಟ್ಟಾಗ ಬಸ್ಸಿನ ಹಿಂದಿನ ಚಕ್ರದ ಪಕ್ಕ ಬೋರಲು ಮಲಗಿದ್ದೆ. ಕಂಡಕ್ಟರು ಬಗ್ಗಿ ನೋಡಿ, "ಕ್ರಾಂತಿ ಮುಗೀತೇನಪ್ಪಾ? ಹಂಗಾದ್ರೆ ಹತ್ತು, ರೈಟ್ ಹೇಳ್ಬೇಕು" ಎಂದ.

ಗಣಿಯಲ್ಲಿ ಬಂಡೆ ಸಿಡಿಸುವಾಗ ರಸ್ತೆ ತಡೆದು ನಿಲ್ಲುವುದು ಭೈರಮ್ಮನವರ ಕೆಲಸ ಎಂದು ತಿಳಿದದ್ದು ಆ ಕಂಡಕ್ಟರಿನಿಂದ. ಬಂಡೆಗೆ ಮದ್ದು ತುಂಬುವವನು, ಎಲ್ಲ ಸಿಡಿದಾಯಿತು ಎಂದು ಖಾತ್ರಿ ಮಾಡಿಕೊಂಡು ಒಳಗಿನಿಂದ ಸೀಟಿ ಊದಬೇಕು. ಸೀಟಿ ಕೇಳಿದ ಮೇಲೆ ಭೈರಮ್ಮ ಬಾವುಟ ಇಳಿಸಬೇಕು. ಅಲ್ಲಿಯವರೆಗೆ ಎಂಥ ದೊಡ್ಡ ಮನುಷ್ಯ ಬಂದರೂ ನಿಲ್ಲಬೇಕು. ಎರಡು ವರ್ಷ ನಾನು ಆ ಬಸ್ಸಿನಲ್ಲಿ ಓಡಾಡಿದೆ. ಅಷ್ಟೂ ದಿನ ನನ್ನನ್ನು ಕಂಡ ಕೂಡಲೇ ಭೈರಮ್ಮ, "ಓ, ಇಂಕ್ಲಾಬು ಬತ್ತು" ಎಂದು ಬಸ್ಸಿಗೆಲ್ಲ ಕೇಳಿಸುವ ಹಾಗೆ ಹೇಳುತ್ತಿದ್ದರು. ನನ್ನ ಕ್ರಾಂತಿ ಅಲ್ಲಿಗೇ ಮುಗಿಯಿತು.

ಈಗ ಗಣಿ ಮುಚ್ಚಿ ಬಹಳ ಕಾಲವಾಗಿದೆ. ತೋಡಿದ ಕುಳಿಯಲ್ಲಿ ಹಸಿರು ನೀರು ನಿಂತಿದೆ. ನಾನು ವಿಮೆ ಏಜೆಂಟನಾಗಿದ್ದೇನೆ; ಬಿಡುವಿದ್ದಾಗ ತಿಪಟೂರಿನ ವಾರಪತ್ರಿಕೆಯೊಂದಕ್ಕೆ ನಗೆಬರಹ ಬರೆಯುತ್ತೇನೆ. ಈ ಎರಡನೆಯ ಚಟದಿಂದಾಗಿ ಹೋದ ವರ್ಷ ನನ್ನನ್ನು 'ಗಣಿ ಕಾರ್ಮಿಕರ ಸ್ಮಾರಕ ಸಮಿತಿ'ಗೆ ಸೇರಿಸಿಕೊಂಡರು.

ಸಮಿತಿಯ ಅಧ್ಯಕ್ಷರು ಕೊಬ್ಬರಿ ಮಂಡಿ ವೀರಭದ್ರಯ್ಯನವರು. ಒಳ್ಳೆಯ ಮನುಷ್ಯರು, ತಮ್ಮ ಹೆಸರನ್ನು ಎತ್ತರದಲ್ಲಿ ಬರೆದಿರುವುದನ್ನು ನೋಡಿದಾಗ ಇನ್ನೂ ಒಳ್ಳೆಯವರಾಗುತ್ತಾರೆ. ಅವರ ಎದುರಾಳಿ ದಯಾನಂದ್ ಎನ್ನುವವರು ಕ್ರಾಸಿನಲ್ಲಿ ತಮ್ಮ ಹೆಸರಿನ ದೊಡ್ಡ ದೀಪದ ಕಂಬ ನಿಲ್ಲಿಸಿದ ಮೇಲೆ ವೀರಭದ್ರಯ್ಯನವರಿಗೂ ಏನನ್ನಾದರೂ ನಿಲ್ಲಿಸಲೇಬೇಕಾಗಿ ಬಂತು. ಆದರೆ ಯಾರ ನೆನಪಿಗೆ? ನಾಡಿನ ಮಹನೀಯರಿಗೆಲ್ಲ ಆಗಲೇ ಒಂದೊಂದು ಸರ್ಕಲ್ ಹಂಚಿಹೋಗಿತ್ತು. ಉಳಿದ ಒಬ್ಬಿಬ್ಬರಿಗೆ ಮೊದಲ ಹಾರ ಯಾವ ಜನಾಂಗದವರು ಹಾಕಬೇಕು ಎಂಬ ತಕರಾರಿತ್ತು. ಆಗ ಯಾರಿಗೋ ಹೊಳೆಯಿತು, ಎಲ್ಲಿಂದಲೋ ಬಂದು ನಮ್ಮ ಗಣಿಯಲ್ಲಿ ದುಡಿದು ಸತ್ತ ಕೂಲಿಯವರು ಇದ್ದಾರಲ್ಲ ಎಂದು. ಎಲ್ಲರಿಗೂ ಒಪ್ಪಿಗೆಯಾಯಿತು. ಅವರ ಕಡೆಯಿಂದ ತಕರಾರು ತೆಗೆಯುವವರು ಯಾರೂ ಇರಲಿಲ್ಲ.

ಸಭೆಗಳು ವೀರಭದ್ರಯ್ಯನವರ ಮಂಡಿಯಲ್ಲಿ, ಕೊಬ್ಬರಿ ಮೂಟೆಗಳ ನಡುವೆ, ಉದ್ದಿನವಡೆಯ ಸಮೇತ ನಡೆದವು. ಹನ್ನೊಂದಡಿ ಎತ್ತರದ ಕರಿಗಲ್ಲು ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಯಿತು. ಅದರ ಮೇಲೆ ಸಮಿತಿಯವರ ಹೆಸರುಗಳು ಯಾವ ಸಾಲಿನಲ್ಲಿ, ಯಾರ ಹಿಂದೆ ಯಾರು ಎಂಬುದಕ್ಕೆ ಉಳಿದ ಸಭೆಗಳೆಲ್ಲ ಬೇಕಾದವು. ನನಗೆ ಒಪ್ಪಿಸಿದ್ದು ಮೇಲಿನ ನಾಲ್ಕು ಸಾಲು. 'ಶ್ರಮಸಂಸ್ಕೃತಿಯ ಅಮರ ಶಿಲ್ಪಿಗಳೇ' ಎಂದು ಶುರು ಮಾಡಿದೆ. ಮುಂದಿನ ಮೂರು ಸಾಲು ಇದಕ್ಕಿಂತಲೂ ಭಾರವಾಗಿದ್ದವು. ಓದಿ ವೀರಭದ್ರಯ್ಯನವರು ಟವೆಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಇದರ ಅಕ್ಷರ ಒಂಚೂರು ಸಣ್ಣದಾದ್ರೂ ಪರವಾಗಿಲ್ಲ, ಕೆಳಗೆ ಜಾಗ ಸಾಲಲ್ಲ" ಎಂದರು.

ಜಾಗಕ್ಕೆ ತೊಂದರೆಯಾಗಲಿಲ್ಲ. ಗಣಿಯವರು ಮೇಲ್ಮಣ್ಣು ತಂದು ಸುರಿದಿದ್ದ ದಿಬ್ಬದ ಹಿಂದೆ ಒಂದಿಷ್ಟು ಸರ್ಕಾರಿ ಖರಾಬು ಜಮೀನಿತ್ತು. ಗಿಡಗಂಟಿ, ಕಲ್ಲುಗುಪ್ಪೆ ಬಿಟ್ಟರೆ ಮತ್ತೇನಿಲ್ಲ. ಅದನ್ನು ಜೆಸಿಬಿಯಿಂದ ಸಮ ಮಾಡಿಸಿ, ಟೈಲ್ಸ್ ಹಾಕಿಸಿ, ಕಾರು ನಿಲ್ಲಿಸಲು ಜಾಗ ಬಿಡುವುದಾಗಿ ಕಂಟ್ರಾಕ್ಟರ್ ಯೋಗೀಶ್ ಒಪ್ಪಿಕೊಂಡ. ಶಾಸಕರು ತಾರೀಖು ಕೊಟ್ಟರು.

ಕೊನೆಯ ಸಭೆಯಲ್ಲಿ ಯಾರೋ, ಬದುಕಿರುವ ಒಬ್ಬ ಕಾರ್ಮಿಕರನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರೆ ಚೆನ್ನ ಎಂದರು. ಹುಡುಕಿದಾಗ ಉಳಿದಿದ್ದವರು ಭೈರಮ್ಮ ಒಬ್ಬರೇ. ವೀರಭದ್ರಯ್ಯನವರು ನನ್ನ ಕಡೆ ತಿರುಗಿ, "ನೀವ್ ಹೋಗಿ ಆಯಮ್ಮನ ಕಥೆ ಬರ್ಕೊಂಡ್ ಬನ್ನಿ. ಸ್ಮರಣ ಸಂಚಿಕೆಗೆ ಒಂದು ಪುಟ ಸಾಕು. ಎರಡು ಪುಟ ನನ್ ಸಂದೇಶ ಐತೆ" ಎಂದರು.

ಭೈರಮ್ಮ ಕ್ರಾಸಿನ ಹತ್ತಿರದ ಒಂದು ತೋಟದಲ್ಲಿ ಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕುವುದು, ಒಂದು ತಿರುವು ತಿರುವುವುದು, ಮಟ್ಟೆ ಒಂದು ಕಡೆ, ಕಾಯಿ ಒಂದು ಕಡೆ. ಅರವತ್ತು ದಾಟಿದ ಕೈಗಳು. ಖಾಕಿಯಲ್ಲದಿದ್ದರೂ ಸೀರೆಯ ಮೇಲೆ ಗಂಡಸಿನ ಅಂಗಿ ಈಗಲೂ ಇತ್ತು. ನಾನು ಹೋಗಿ ನಿಂತು, ಗುರುತು ಸಿಕ್ಕಿತೇ ಎಂದು ಕೇಳಿದೆ.

ತಲೆ ಎತ್ತಿ ನೋಡಿದರು. "ಇಂಕ್ಲಾಬು ಅಲ್ವಾ? ಹೊಟ್ಟೆ ಬಂದೈತೆ. ಈಗ ಬಸ್ಸಡಿ ತೂರಕ್ಕಾಗಲ್ಲ ಬುಡು."

ಬಂದ ವಿಷಯ ಹೇಳಿದೆ. ಶಾಲು, ಹಣ್ಣಿನ ತಟ್ಟೆ, ಶಾಸಕರು ಎಲ್ಲ ಹೇಳಿದೆ. ಭೈರಮ್ಮನವರ ಕೈ ನಿಲ್ಲಲಿಲ್ಲ. "ಅದ್ಕೇನಂತೆ, ಬತ್ತೀನಿ. ಕುರ್ಚಿ ಹಾಕ್ತಾರೋ, ನೆಲದ್ ಮೇಲೋ?"

"ಕುರ್ಚಿ ಭೈರಮ್ಮ. ವೇದಿಕೆ ಮೇಲೆ."

"ಹಂಗಾದ್ರೆ ಕೇಳು, ಏನ್ ಕೇಳ್ತೀಯೋ."

ಭೈರಮ್ಮ ಹುಟ್ಟಿದ್ದು ಆಂಧ್ರದ ಕಲ್ಯಾಣದುರ್ಗದ ಕಡೆ. ಕಲ್ಲು ಒಡೆಯುವ ಮನೆತನ. ಮೇಸ್ತ್ರಿಯೊಬ್ಬ ಅವರ ಕೇರಿಯ ಸಂಸಾರಗಳನ್ನೆಲ್ಲ ಒಂದು ಲಾರಿಗೆ ಹತ್ತಿಸಿ ಇಲ್ಲಿಗೆ ತಂದು ಇಳಿಸಿದಾಗ ಅವರಿನ್ನೂ ಲಂಗದ ಹುಡುಗಿ.

"ಲಾರಿ ಇಳಿದೇಟ್ಗೆ ನೋಡಿದ್ರೆ ಎತ್ತಕಡೆನೂ ತೆಂಗಿನ್ ಮರ. ಅಪ್ಪಾ, ನಮ್ಗೆ ಇಲ್ಲಿ ನೆಳ್ಳಲ್ಲಿ ಕೆಲ್ಸ ಅಂತ ಕುಣ್ದಾಡ್ಬುಟ್ಟೆ. ಆಮೇಲ್ ಗೊತ್ತಾಯ್ತು, ನೆಳ್ಳು ಊರೋರ್ದು, ಬಿಸ್ಲು ನಮ್ದು ಅಂತ."

ಗಣಿಯ ಪಕ್ಕದ ಗುಡಿಸಲು ಸಾಲಿನಲ್ಲೇ ಅವರು ಬೆಳೆದರು, ಅಲ್ಲೇ ದುರ್ಗಯ್ಯನನ್ನು ಮದುವೆಯಾದರು. ದುರ್ಗಯ್ಯ ಅದೇ ಲಾರಿಯಲ್ಲಿ ಬಂದವನು. ಬಂಡೆಗೆ ಕುಳಿ ತೋಡಿ ಮದ್ದು ತುಂಬುವುದರಲ್ಲಿ ನುರಿತವನು. "ಮದ್ವೆ ದಿನಾನೂ ಅವ್ನ ಕೈ ಮದ್ದಿನ್ ವಾಸ್ನೆ. ಅರಿಶಿಣ ತಿಕ್ಕೀ ತಿಕ್ಕೀ ನಮ್ಮವ್ವ ಸೋತಳು." ಗಂಡ ಒಳಗೆ ಮದ್ದು, ಹೆಂಡತಿ ಹೊರಗೆ ಬಾವುಟ. ಅವನ ಸೀಟಿಯನ್ನು ನೂರು ಸದ್ದಿನ ನಡುವೆಯೂ ಗುರುತಿಸುತ್ತಿದ್ದ ಕಾರಣಕ್ಕೇ ಮೇಸ್ತ್ರಿ ಅವರನ್ನು ರಸ್ತೆಗೆ ಹಾಕಿದ್ದನಂತೆ.

ದುರ್ಗಯ್ಯ ತೀರಿಹೋದ ದಿನದ ಮಾತು ನಾನಾಗಿ ಕೇಳಲಿಲ್ಲ. ಭೈರಮ್ಮನೇ, ಕಾಯಿ ಕುಕ್ಕುತ್ತಲೇ ಹೇಳಿದರು.

"ಒಂದು ಕುಳಿ ಸಿಡೀಲಿಲ್ಲ. ಕಾದ. ನೋಡ್ಬುಟ್ ಬತ್ತೀನಿ ಅಂತ ಹೋದ. ಆಗ ಸಿಡೀತು. ನಾನ್ ರಸ್ತೇಲಿ ನಿಂತಿದ್ದೆ. ಸದ್ದು ಕೇಳುಸ್ತು, ಸೀಟಿ ಕೇಳಿಸ್ಲಿಲ್ಲ."

"ಆಮೇಲೆ?"

"ಆಮೇಲೇನು? ನಿಂತಿದ್ದೆ. ಒಳಗ್ ಜನ ಓಡಿದ್ರು, ಕೂಗಾಡಿದ್ರು. ನಂಗ್ ಗೊತ್ತಾಯ್ತು. ಹೆಣ್ಣಲ್ವಾ, ಗೊತ್ತಾಗ್ದೇ ಇರ್ತದಾ? ಬಸ್ನೋರು ಹಾರನ್ ಹೊಡುದ್ರು. ಯಾರೋ ಒಬ್ಬ ಕಿಟಕೀಲಿ ತಲೆ ಹಾಕಿ, ಈ ವಯ್ಯಾರಿ ಯಾವಾಗ್ ಬಿಡ್ತಾಳೋ ಅಂದ. ಸೀಟಿ ಬರ್ದೆ ಬಾವುಟ ಇಳ್ಸಂಗಿಲ್ಲ ಕಣಪ್ಪ. ಇನ್ನೊಂದು ಕುಳಿ ಬಾಕಿ ಇದ್ರೆ? ಬಸ್ಸಲ್ಲಿ ಮಕ್ಳು ಮರಿ ಇದ್ವು. ಕಡೀಗೆ ಮೇಸ್ತ್ರಿ ಬಂದು ಕೈಯಿಂದ ಬಾವುಟ ಬಿಡಿಸ್ಕೊಂಡ. ಬೆರಳು ಒಂದೊಂದೇ ಬಿಡಿಸ್ಬೇಕಾಯ್ತಂತೆ."

ಸುಲಿದ ಕಾಯಿಯೊಂದು ಉರುಳಿ ನನ್ನ ಕಾಲಿಗೆ ತಾಕಿತು. ಎತ್ತಿ ರಾಶಿಗೆ ಹಾಕಿದೆ. ಬರೆದುಕೊಳ್ಳಲು ತಂದಿದ್ದ ಹಾಳೆ ಮಡಿಚಿದಂತೆಯೇ ಜೇಬಿನಲ್ಲಿತ್ತು.

ಗಣಿ ಮುಚ್ಚಿದಾಗ ಉಳಿದವರೆಲ್ಲ ಊರಿಗೆ ಹಿಂದಿರುಗಿದರಲ್ಲ, ನೀವೇಕೆ ಹೋಗಲಿಲ್ಲ ಎಂದು ಕೇಳಿದೆ. ಆಗ ಅವರು ಕಲ್ಲಿನ ವಿಷಯ ಹೇಳಿದರು.

ನಮ್ಮ ಕಡೆ ತೋಟವಿದ್ದವರು ಸತ್ತವರನ್ನು ತಮ್ಮ ತೋಟದಲ್ಲೇ ಮಣ್ಣು ಮಾಡುತ್ತಾರೆ. ತೋಟವಿಲ್ಲದ ಊರಿನವರಿಗೆ ಊರ ಸ್ಮಶಾನವಿದೆ. ಗಣಿಯವರಿಗೆ ಎರಡೂ ಇರಲಿಲ್ಲ. ಮಣ್ಣಿನ ದಿಬ್ಬದ ಹಿಂದೆ ಹೂಳುತ್ತಿದ್ದರು. ಹೆಸರು ಕೆತ್ತಿಸುವವರಿರಲಿಲ್ಲ, ಕೆತ್ತಿಸಿದರೆ ಓದುವವರೂ ಇರಲಿಲ್ಲ. ಅದಕ್ಕೇ ಅವರದೊಂದು ಪದ್ಧತಿ. ಸತ್ತವನು ಕೊನೆಗೆ ಎಲ್ಲಿ ಕೆಲಸ ಮಾಡುತ್ತಿದ್ದನೋ ಆ ಬಂಡೆಯಿಂದ ಆಳಿಗೊಂದು ಕಲ್ಲು ತಂದು ಮಣ್ಣಿನ ಮೇಲೆ ಇಡುವುದು. ಆಮೇಲೆ ಯುಗಾದಿಗೆ ಊರಿಗೆ ಹೊರಡುವಾಗ ಪ್ರತಿಯೊಬ್ಬರೂ ತಮ್ಮವರ ಗುಪ್ಪೆಗೆ ಒಂದು ಕಲ್ಲು ಇಟ್ಟು 'ಹೋಗ್ಬತ್ತೀವಿ' ಎನ್ನುವುದು. ಹಬ್ಬ ಮುಗಿಸಿ ಬಂದ ದಿನ ಇನ್ನೊಂದು ಕಲ್ಲು ಇಟ್ಟು 'ಬಂದ್ವಿ' ಎನ್ನುವುದು. ಹೋಗುವ ಕಲ್ಲು, ಬರುವ ಕಲ್ಲು. ಹಾಗೆ ವರ್ಷದಿಂದ ವರ್ಷಕ್ಕೆ ಗುಪ್ಪೆಗಳು ಬೆಳೆದವು.

"ಗಣಿ ಮುಚ್ಚಿದಾಗ ಎಲ್ರೂ ಹೋಗೋ ಕಲ್ಲು ಮಡುಗುದ್ರು," ಎಂದರು ಭೈರಮ್ಮ. "ನಮ್ಮ ಪುಟ್ಟಗಂಗಮ್ಮ ಗೊಳೋ ಅಂತ ಅತ್ತಳು. ಭೈರಿ, ಬರೋ ಕಲ್ಲು ಯಾರ್ ಮಡಗ್ತಾರೆ ಅಂದ್ಳು. ನನ್ ಕೈಲೂ ಕಲ್ಲಿತ್ತು. ಮಡಗಕಾಗ್ಲಿಲ್ಲ. ಒಬ್ರಾದ್ರೂ ಹೋಗ್ದೇ ಇರ್ಬೇಕಲ್ಲ. ಎಸೆದ್ಬುಟ್ಟು ಇಲ್ಲೇ ಕಾಯಿ ಸುಲ್ಕೊಂಡು ನಿಂತೆ."

ಆಮೇಲೆ ಏನೋ ನೆನಪಾದವರಂತೆ ಕೇಳಿದರು: "ಅದಿರ್ಲಿ, ನೀವು ಅದೇನೋ ಕಟ್ತೀವಿ ಅಂದ್ರಲ್ಲ, ಎಲ್ಲಿ ಕಟ್ತೀರಿ?"

ನಾನು ಹೇಳಿದೆ. ದಿಬ್ಬದ ಹಿಂದಿನ ಸರ್ಕಾರಿ ಜಾಗ, ಜೆಸಿಬಿ, ಟೈಲ್ಸು. ಹೇಳುತ್ತ ಹೇಳುತ್ತಲೇ ನನಗೆ ಹೊಳೆಯಿತು. ನಾವು ಜಾಗ ನೋಡಲು ಹೋದ ದಿನ ಆ ಕಲ್ಲುಗುಪ್ಪೆಗಳನ್ನು ಗಣಿಯವರು ಬಿಟ್ಟುಹೋದ ಕಸವೆಂದೇ ತಿಳಿದಿದ್ದೆವು. ಒಂದರ ಮೇಲೆ ವಡೆಯ ಪೊಟ್ಟಣ ಇಟ್ಟುಕೊಂಡು ತಿಂದಿದ್ದೆವು.

ಭೈರಮ್ಮನವರ ಕೈ ಮೊದಲ ಸಲ ನಿಂತಿತು. "ಯಾವತ್ತು ಜೆಸಿಬಿ?"

"ನಾಳೆ ಬೆಳಿಗ್ಗೆ."

ಅವರು ಎದ್ದು ಸೀರೆ ಕೊಡವಿಕೊಂಡರು. "ನಿನ್ ಸ್ಕೂಟರ್ ಎಲ್ಲೈತೆ? ನಡಿ."

ದಿಬ್ಬದ ಹಿಂದೆ ಬೇಲಿ ಗಿಡಗಳ ನಡುವೆ ಗುಪ್ಪೆಗಳಿದ್ದವು. ಈಗ ನೋಡಿದರೆ, ಎಲ್ಲದರ ತಲೆಯೂ ಒಂದೇ ದಿಕ್ಕಿಗಿತ್ತು. ಭೈರಮ್ಮ ಒಂದೊಂದರ ಬಳಿಯೂ ನಿಂತು, ಮನೆಗೆ ಬಂದವರಿಗೆ ನೆಂಟರನ್ನು ಪರಿಚಯ ಮಾಡಿಸುವ ಹಾಗೆ ಹೇಳಿದರು. "ಇವ್ನು ನಮ್ಮಪ್ಪ. ದಮ್ಮು ಬಂದು ಹೋದ. ಇವ್ಳು ನಿಂಗಮ್ಮ, ಹೆರಿಗೇಲಿ ಹೋದ್ಳು, ಬಾಳ ಚೆನ್ನಾಗ್ ಹಾಡೋಳು. ಇವ್ನು ಸೇಲಂ ಕಡೆಯೋನು, ಅವ್ನ್ ಮಾತು ನಮ್ಗ್ ತಿಳೀತಿರ್ಲಿಲ್ಲ, ಆದ್ರೂ ನಗಿಸ್ತಿದ್ದ. ಇದು ದುರ್ಗಯ್ಯ."

ದುರ್ಗಯ್ಯನ ಪಕ್ಕದಲ್ಲೊಂದು ತೀರಾ ಪುಟ್ಟ ಗುಪ್ಪೆಯಿತ್ತು. ಅದರ ಕಲ್ಲುಗಳೂ ಪುಟ್ಟವು, ಆರಿಸಿ ತಂದವು. ನಾನು ನೋಡಿದ್ದನ್ನು ಭೈರಮ್ಮ ನೋಡಿದರು.

"ನಮ್ ಮೊದಲ್ನೇ ಕೂಸು. ಹೆಸ್ರಿಟ್ಟಿರ್ಲಿಲ್ಲ," ಎಂದು ಮುಂದಕ್ಕೆ ನಡೆದರು.

ಅಲ್ಲಿಂದಲೇ ವೀರಭದ್ರಯ್ಯನವರಿಗೆ ಫೋನ್ ಮಾಡಿದೆ. ಅವರು ಆಹ್ವಾನ ಪತ್ರಿಕೆ ಹಂಚುವ ಗಡಿಬಿಡಿಯಲ್ಲಿದ್ದರು. "ಅಯ್ಯೋ ಪಾಪ" ಎಂದರು. "ಆದ್ರೆ ಎಂಎಲ್ಎ ಡೇಟು ಕಣ್ರೀ. ಕಲ್ಲು ತಾನೆ? ಮರ್ಯಾದೆಯಾಗಿ ಎತ್ತಿ ಪಕ್ಕಕ್ಕೆ ಇಡಿಸೋಣ" ಎಂದರು. ಫೋನ್ ಇಟ್ಟುಬಿಟ್ಟರು.

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಜೆಸಿಬಿ ಬಂದು ಗುರುಗುಡುತ್ತಿತ್ತು. ವೀರಭದ್ರಯ್ಯನವರು ಗುದ್ದಲಿ ಪೂಜೆಗೆಂದು ಗರಿಗರಿ ಪಂಚೆ, ವಿಭೂತಿ, ಹೊಸ ಚಪ್ಪಲಿಯಲ್ಲಿ ನಿಂತಿದ್ದರು. ಯೋಗೀಶನ ಕೈಯಲ್ಲಿ ಕಾಯಿ ಕರ್ಪೂರದ ತಟ್ಟೆ ಇತ್ತು. ಭೈರಮ್ಮ ದುರ್ಗಯ್ಯನ ಗುಪ್ಪೆಯ ಪಕ್ಕದಲ್ಲಿ ಕಾಲು ಚಾಚಿ ಕುಳಿತು, ಬಸ್ಸಿಗೆ ಕಾಯುವವರಂತೆ ಎಲೆಗೆ ಸುಣ್ಣ ಸವರುತ್ತಿದ್ದರು.

"ಅಜ್ಜೀ, ಏಳಜ್ಜೀ, ಟೈಮಾಯ್ತದೆ" ಎಂದ ಯೋಗೀಶ್.

"ನಂಗೇನೂ ಟೈಮಾಗಿಲ್ವಲ್ಲ ಕಣಪ್ಪ."

"ನಿಮ್ಮೋರ್ಗೇ ಅಲ್ವಾ ಅಜ್ಜಿ ನಾವ್ ಕಟ್ತಿರೋದು? ನೀನೇ ಅಡ್ಡ ಕುಂತ್ರೆ ಹೆಂಗೆ?"

"ನಮ್ಮೋರ್ಗೆ ಕಟ್ಟಕೆ ನಮ್ಮೋರ್ನೇ ಕೀಳ್ತೀರಾ?"

ಯೋಗೀಶ್ ಅಧ್ಯಕ್ಷರ ಮುಖ ನೋಡಿದ. ವೀರಭದ್ರಯ್ಯನವರು ಸಭೆಯಲ್ಲಿ ಬಳಸುವ ದನಿ ತೆಗೆದರು. "ನೋಡು ಭೈರಮ್ಮ, ನಿನ್ ಸಂಕಟ ನಂಗ್ ಅರ್ಥ ಆಯ್ತದೆ. ಆದ್ರೆ ಇಲ್ಲಿ ಯಾರ್ ಮಲಗವ್ರೆ ಅಂತ ಲೋಕಕ್ಕೆ ಗೊತ್ತಾ? ನಾಲ್ಕು ಕಲ್ಲು ಬಿದ್ದಿರೋ ಜಾಗ ಅಂತಾರೆ. ಅದೇ ಹನ್ನೊಂದಡಿ ಕಲ್ಲು ನಿಂತ್ರೆ ಹೋಗೋರು ಬರೋರೆಲ್ಲ ಕೈ ಮುಗೀತಾರೆ. ಈ ಕಲ್ಲುಗಳ್ನೂ ಬಿಸಾಕಲ್ಲ. ಎತ್ತಿ ಜೋಡಿಸಿ ಸುತ್ತ ಚೆಂದಾಗ್ ಒಂದು ಕಟ್ಟೆ ಮಾಡಿಸ್ತೀನಿ."

ಭೈರಮ್ಮ ಎಲೆ ಮಡಿಚಿ ಬಾಯಿಗೆ ಹಾಕಿಕೊಂಡರು. "ಯಜಮಾನ್ರೇ, ನಿಮ್ ತೋಟದಲ್ಲಿ ನಾನು ಕಾಯಿ ಸುಲಿದಿಲ್ವಾ?"

"ಸುಲ್ದಿದೀಯ. ಬಾಳ ವರ್ಷ ಸುಲ್ದಿದೀಯ."

"ಬಡಗಲ್ ಮೂಲೇಲಿ ನಿಮ್ಮಪ್ಪಾರ ಸಮಾಧಿ ಐತಲ್ಲ. ಉಳಕ್ಕೆ ಟ್ರ್ಯಾಕ್ಟರ್ ಬಂದಾಗ ಡ್ರೈವರು ಅಲ್ಲೇನ್ ಮಾಡ್ತಾನೆ?"

"ಸುತ್ತು ಹಾಕ್ಕೊಂಡ್ ಹೋಯ್ತಾನೆ."

"ಯಾಕೆ ಸುತ್ತು? ಸಮಾಧಿ ಕಲ್ಲ ಮರ್ಯಾದೆಯಾಗಿ ಎತ್ತಿ ಪಕ್ಕಕ್ಕಿಟ್ಟು, ಉತ್ಬುಟ್ಟು, ಆಮೇಲ್ ಮಡಗ್ಬೋದಲ್ಲ. ಸಾಲು ನೆಟ್ಟಗ್ ಬತ್ತದೆ."

ವೀರಭದ್ರಯ್ಯನವರ ಮುಖ ಕೆಂಪಾಯಿತು. ಯೋಗೀಶ್ ಏನೋ ಹೇಳಲು ಬಾಯಿ ತೆರೆದ. ಅವರು ಕೈ ಅಡ್ಡ ಹಿಡಿದರು. ಭೈರಮ್ಮ ದನಿ ಏರಿಸಲಿಲ್ಲ.

"ಎತ್ತಿಟ್ಟ ಮೇಲೆ ಯಾವ್ ಕಲ್ಲು ಯಾರ್ದು ಅಂತ ನಾನೆಲ್ ಹುಡುಕ್ಲಿ ಯಜಮಾನ್ರೇ? ನಿಮ್ಗೆ ತೋಟ ಐತೆ, ನಿಮ್ಮೋರು ತೋಟದಲ್ಲವ್ರೆ. ನಮ್ ತೋಟ ಇಷ್ಟೇ."

ವೀರಭದ್ರಯ್ಯನವರು ಗುಪ್ಪೆಗಳ ಕಡೆ ನೋಡಿದರು, ಒಂದರ ಮೇಲಿಂದ ಇನ್ನೊಂದರ ಮೇಲೆ ಕಣ್ಣು ಹಾಯಿಸಿದರು. ಪುಟ್ಟ ಗುಪ್ಪೆಯ ಹತ್ತಿರ ಕಣ್ಣು ನಿಂತಿತು. ಯಾರದು ಎಂದು ಅವರು ಕೇಳಲಿಲ್ಲ. ಬಗ್ಗಲು ಕಷ್ಟಪಡುವ ಮನುಷ್ಯ, ನನ್ನ ಭುಜ ಹಿಡಿದುಕೊಂಡು ಹೊಸ ಚಪ್ಪಲಿಗಳನ್ನು ಒಂದೊಂದಾಗಿ ಕಾಲಿನಿಂದ ಬಿಟ್ಟರು. ಬರಿಗಾಲಿನಲ್ಲಿ, ಮುಳ್ಳು ನೋಡಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತರು.

ಜೆಸಿಬಿ ಓಡಿಸುತ್ತಿದ್ದವನು ಬಿಹಾರದ ಕಡೆಯವನು. ಕನ್ನಡ ಬಾರದು. ಅಧ್ಯಕ್ಷರ ಬರಿಗಾಲು ನೋಡಿ, ಯಾರೂ ಹೇಳದಿದ್ದರೂ ಎಂಜಿನ್ ಆರಿಸಿದ.

"ಯೋಗೀಶ, ಇಲ್ಲಿ ಬ್ಯಾಡ ಕಣ್ಲಾ," ಎಂದರು ವೀರಭದ್ರಯ್ಯನವರು. "ಮುಂದ್ಗಡೆ ರಸ್ತೆ ಅಂಚಿಗೆ ನಿಲ್ಸು."

"ಅಣ್ಣಾ, ಅಲ್ಲಿ ಕಾಲುವೆ ಐತೆ. ಹನ್ನೊಂದಡಿ ಕಲ್ಲು ನಿಲ್ಲಲ್ಲ."

"ನಿಲ್ಲೋ ಅಷ್ಟು ನಿಲ್ಸು. ಮಿಕ್ಕಿದ್ದು ಕುಯ್ಯಿ."

"ಕುಯ್ದ್ರೆ ಹೆಸ್ರುಗಳು?"

ಇದು ಬಹಳ ದೊಡ್ಡ ಪ್ರಶ್ನೆ. ನಮ್ಮ ಸಮಿತಿಯ ಮಟ್ಟಿಗೆ ಇದೊಂದೇ ಪ್ರಶ್ನೆ. ವೀರಭದ್ರಯ್ಯನವರು ಉಗುಳು ನುಂಗಿಕೊಂಡದ್ದು ನನಗೆ ಕಾಣಿಸಿತು. "ಹೆಸ್ರಿರೋ ಕಡೆಯಿಂದಲೇ ಕುಯ್ಯಿ" ಎಂದರು. ದಯಾನಂದರ ದೀಪದ ಕಂಬಕ್ಕಿಂತ ಎತ್ತರದ ಮಾತನ್ನು ಅವರು ಆಡಿದ್ದು ನನಗೆ ತಿಳಿದ ಮಟ್ಟಿಗೆ ಅದೊಂದೇ ಸಲ.

ಸುದ್ದಿ ಮಂಡಿಗೆ ಮುಟ್ಟಿದಾಗ ಸಮಿತಿಯಲ್ಲಿ ಹಾಹಾಕಾರವೆದ್ದಿತು. ಖಜಾಂಚಿಯವರು ರಾಜೀನಾಮೆ ಕೊಟ್ಟರು. ಇನ್ನೊಬ್ಬರು, ಹೆಸರಿಲ್ಲದ ಕಲ್ಲಿಗೆ ತಾವೇಕೆ ಬಂದು ನಿಲ್ಲಬೇಕು ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ನನ್ನ ಶ್ರಮಸಂಸ್ಕೃತಿಯ ಅಮರ ಶಿಲ್ಪಿಗಳೂ ಉಳಿಯಲಿಲ್ಲ. ಕಲ್ಲನ್ನು ತಿರುವಿ ಹಾಕಿ, ಹಿಂದಿನ ನುಣುಪು ಮುಖದ ಮೇಲೆ ವೀರಭದ್ರಯ್ಯನವರೇ ಬಾಯಲ್ಲಿ ಹೇಳಿ ಬರೆಸಿದರು: 'ಬೇರೆ ಊರುಗಳಿಂದ ಬಂದು ಈ ಗಣಿಯಲ್ಲಿ ದುಡಿದವರು ಈ ದಿಬ್ಬದ ಹಿಂದೆ ಮಲಗಿದ್ದಾರೆ. ಅಲ್ಲಿರುವ ಕಲ್ಲುಗಳನ್ನು ಕದಲಿಸಬೇಡಿ.'

ಓದು ಬಾರದ ಭೈರಮ್ಮ ನನ್ನಿಂದ ಅದನ್ನು ಎರಡು ಸಲ ಓದಿಸಿದರು. "ಸರ್ಯಾಗೈತೆ. ಯಾರ್ ಬರ್ದಿದ್ದು?"

"ಯಜಮಾನ್ರು."

"ನೀನಲ್ಲ ಅಂತ ಗೊತ್ತಾಯ್ತು ಬುಡು."

ಅನಾವರಣದ ದಿನ ಶಾಸಕರು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕಲ್ಲು ಮನುಷ್ಯನ ಎದೆಯ ಎತ್ತರಕ್ಕಿತ್ತು, ಹೊದಿಸಿದ್ದ ಬಟ್ಟೆ ಅದಕ್ಕೆ ದೊಡ್ಡದಾಗಿ ನೆಲದ ಮೇಲೆ ಹರಡಿಕೊಂಡಿತ್ತು. ಶಾಸಕರು ಬಟ್ಟೆ ಎಳೆದರು, ಬರೆದಿದ್ದನ್ನು ಓದಿಕೊಂಡರು, ತಯಾರಿಸಿಕೊಂಡು ಬಂದಿದ್ದ ಭಾಷಣದ ಹಾಳೆಯನ್ನು ಯಾಕೋ ಮಡಿಚಿ ಜೇಬಿಗೆ ಹಾಕಿಕೊಂಡರು. "ದಿಬ್ಬದ ಹಿಂದಿನ ಜಾಗ ಹಾಗೇ ಉಳೀಬೇಕು" ಎಂದಷ್ಟೇ ಹೇಳಿ ಕುಳಿತರು. ಅವರು ಅಷ್ಟು ಚಿಕ್ಕ ಭಾಷಣ ಮಾಡಿದ್ದನ್ನು ಕಂಡವರಿಲ್ಲ. ಚಪ್ಪಾಳೆ ಹೊಡೆಯಬೇಕೆಂಬುದೂ ಜನಕ್ಕೆ ಹೊಳೆಯಲಿಲ್ಲ.

ಭೈರಮ್ಮನವರಿಗೆ ಕುರ್ಚಿ ಹಾಕಿದ್ದರು. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ವೀರಭದ್ರಯ್ಯನವರು ತಟ್ಟೆ ಕೊಡುವಾಗ ಕ್ಯಾಮೆರಾ ಕಡೆ ತಿರುಗುವುದನ್ನು ಮರೆತರು. ಸೆಕೆಗೆ ಶಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಭೈರಮ್ಮ ಸಭೆ ಮುಗಿಯುವವರೆಗೂ ದಿಬ್ಬದ ಕಡೆಗೇ ನೋಡುತ್ತಿದ್ದರು. ಅಲ್ಲಿ ಬೇಲಿಗಿಡಗಳು ಹಾಗೇ ಇದ್ದವು, ಗುಪ್ಪೆಗಳೂ ಇದ್ದವು.

ಎಲ್ಲ ಮುಗಿದು ಜನ ಊಟದ ಶಾಮಿಯಾನದ ಕಡೆ ಹೊರಟಾಗ ಸುಷ್ಮಿತಾ ಎಂಬ ಹುಡುಗಿ ಮೈಕು ಹಿಡಿದು ಓಡಿ ಬಂದಳು. ತಿಪಟೂರಿನ ಯೂಟ್ಯೂಬ್ ಚಾನೆಲ್ಲಿನವಳು. ಕಾರ್ಯಕ್ರಮಕ್ಕೆ ತಡವಾಗಿ ಬಂದಿದ್ದಳು. ಭೈರಮ್ಮನವರ ಕುರ್ಚಿಯ ಪಕ್ಕ ಮಂಡಿಯೂರಿ, ಮೈಕನ್ನು ಅವರ ಬಾಯಿಗೆ ಹಿಡಿದು, ಕ್ಯಾಮೆರಾಕ್ಕೆಂದೇ ದನಿ ನಡುಗಿಸಿ ಕೇಳಿದಳು:

"ಅಮ್ಮಾ, ಇವತ್ತು ನಿಮ್ಮ ಯಜಮಾನ್ರು ಬದುಕಿದ್ದು ಈ ಸ್ಮಾರಕ ನೋಡಿದ್ದಿದ್ರೆ ಏನ್ ಹೇಳ್ತಿದ್ರು?"

ಭೈರಮ್ಮ ಮೈಕನ್ನು ಒಂಚೂರು ಪಕ್ಕಕ್ಕೆ ಸರಿಸಿದರು.

"ಅವ್ನು ಬದ್ಕಿದ್ರೆ ನೀವು ಇದನ್ನ ಯಾಕವ್ವ ಕಟ್ತಿದ್ರಿ?"